ಗುರುವಯ್ಯನವರ ಮೂರನೆಯ ಸಾಲು

ಹೋದ ವರ್ಷ ಆರೈಕೆಮನೆಯ ಹಿರಿಯರ ಆರೋಗ್ಯ ತಪಾಸಣೆಯ ಪಟ್ಟಿಗೆ ಸಹಿ ಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಅಲ್ಲಿಯವರೆಗೆ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಬಂದಳು ಎಂದಾಗುತ್ತದೆ. ನಲವತ್ತೆರಡು ಹೆಸರು, ಪ್ರತಿ ಹೆಸರಿನ ಮುಂದೆ ‘ಪೂರ್ಣ’ ಎಂಬ ಪದ, ಕೆಳಗೆ ನನ್ನ ದುಂಡನೆಯ ಅಕ್ಷರದಲ್ಲಿ ‘ಶೇಷಮ್ಮ, ಆಲಿಕೆ’. ಹದಿನೇಳನೆಯ ಹೆಸರು ಹಿಟ್ಟಿನ ಗಿರಣಿ ಗುರುವಯ್ಯನವರದು. ಆ ಪಟ್ಟಿಗೆ ಗಾಜು ಕಟ್ಟು ಹಾಕಿಸಿ ಊಟದ ಮನೆಯ ಗೋಡೆಗೆ ತೂಗುಹಾಕಿದ ಮೂರನೆಯ ತಿಂಗಳಿಗೆ, ಅದೇ ಗೋಡೆಯ ಕೆಳಗೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದ ಗುರುವಯ್ಯನವರು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಹೋಗಿಬಿಟ್ಟರು. ತಲೆಯ ಮೇಲೆ ನಾನು ಬರೆದ ‘ಪೂರ್ಣ’ ನೇತಾಡುತ್ತಿತ್ತು.

ಶೇಷಮ್ಮನಿಗೆ ಸಿಟ್ಟೇ ಬರುವುದಿಲ್ಲ ಎಂದು ಊರಿನಲ್ಲಿ ಹೇಳುತ್ತಾರೆ. ಬೆಳಗಿನ ಪೂಜೆ, ಸಂಜೆಯ ಪಾರಾಯಣ, ನಡುವೆ ಕಣ್ಣು ಮುಚ್ಚಿ ಕೂತು ಕೇಳುವ ಕೆಲಸ. ಇಂಥವಳಿಗೆ ಸಿಟ್ಟು ಎಲ್ಲಿಂದ ಬರಬೇಕು ಎಂದು ಅವರ ಎಣಿಕೆ. ಬರುತ್ತದೆ. ಒಂದು ವರ್ಷದಿಂದ ದಿನಾ ಬರುತ್ತಿದೆ. ಹೂವು ಏರಿಸುವಾಗ ಬರುತ್ತದೆ, ದೀಪದ ಬತ್ತಿ ಹೊಸೆಯುವಾಗ ಬರುತ್ತದೆ.

ನಮ್ಮ ಊರು ಬಂಡೆಯ ಎದುರಿಗಿದೆ. ಬಂಡೆಗೆ ಏನು ಕೂಗಿ ಹೇಳಿದರೂ ಅದು ತಿರುಗಿ ಹೇಳುತ್ತದೆ. ಹೇಳಿದವರ ಮೈಯಲ್ಲಿ ಯಾವ ಭಾಗ ಕೆಟ್ಟಿದೆಯೋ ಆ ಭಾಗದ ಹೆಸರನ್ನು ಮಾತ್ರ ನುಂಗಿಕೊಳ್ಳುತ್ತದೆ. ಅದಕ್ಕೇ ನಮ್ಮಲ್ಲಿ ಬೆಳಿಗ್ಗೆ ಎದುರಾದವರು ‘ತಿಂಡಿ ಆಯ್ತಾ’ ಎನ್ನುವುದಿಲ್ಲ, ‘ಬಂಡೆಯಪ್ಪ ಏನಾದ್ರೂ ನುಂಗಿದನಾ’ ಎನ್ನುತ್ತಾರೆ. ಶಾಲೆ ತಪ್ಪಿಸಲು ಹೊಟ್ಟೆ ಹಿಡಿದುಕೊಂಡು ಹೊರಳಾಡುವ ಮಕ್ಕಳನ್ನು ತಾಯಂದಿರು ರಟ್ಟೆ ಹಿಡಿದು ಅಂಗಳಕ್ಕೆ ತಂದು ‘ಹೊಟ್ಟೆ ಅನ್ನು’ ಎನ್ನುತ್ತಾರೆ. ‘ಹೊಟ್ಟೆ’ ಎಂದು ಬಂಡೆ ಗಟ್ಟಿಯಾಗಿ ತಿರುಗಿ ಹೇಳಿದರೆ ಮುಗಿಯಿತು, ಚೀಲ ಹೆಗಲಿಗೆ. ಹೆಣ್ಣು ನೋಡಲು ಬಂದ ಗಂಡುಗಳು ಕಾಫಿ ಕುಡಿದ ಮೇಲೆ ಅಂಗಳದಲ್ಲಿ ನಿಂತು ತಲೆಯಿಂದ ಕಾಲಿನವರೆಗೆ ಹೆಸರು ಹೇಳಲೇಬೇಕು. ಒಬ್ಬ ಗಂಡು ‘ಹಲ್ಲು’ ಎಂದು ನಾಲ್ಕು ಸಲ ಕೂಗಿಯೂ ಉತ್ತರ ಬಾರದೆ, ಬೀಗರಾಗಬೇಕಾದವರು ಮುಸಿಮುಸಿ ನಕ್ಕು, ಸಂಬಂಧವೇ ಮುರಿದುಬಿದ್ದದ್ದುಂಟು. ಬಂಡೆ ಜಾಗ ಹೇಳುತ್ತದೆ, ಕಾಯಿಲೆಯ ಹೆಸರು ಹೇಳುವುದಿಲ್ಲ. ಹೆಸರಿಗೂ ಔಷಧಕ್ಕೂ ಆಸ್ಪತ್ರೆಗೇ ಹೋಗಬೇಕು.

ಹಾಗಿದ್ದರೆ ಬಂಡೆಯ ಮರುನುಡಿಯನ್ನು ಆಲಿಸಿ ಹೇಳಲು ನನ್ನಂಥ ಆಲಿಕೆಯವಳು ಏಕೆ ಬೇಕು? ಪೂರ್ತಿ ಕೆಟ್ಟ ಮೇಲೆ ಬಂಡೆ ಇಡೀ ಪದವನ್ನು ನುಂಗುತ್ತದೆ, ಅದು ಯಾರ ಕಿವಿಗಾದರೂ ಗೊತ್ತಾಗುತ್ತದೆ. ಕಾಯಿಲೆಯ ಶುರುವಿನಲ್ಲಿ ಅದು ಅಕ್ಷರದ ಅಂಚನ್ನು ಮಾತ್ರ ಕಚ್ಚುತ್ತದೆ. ಎರಡು ಮಾತ್ರೆ ಇರಬೇಕಾದಲ್ಲಿ ಒಂದೂವರೆ ಬರುತ್ತದೆ. ಆ ಅರ್ಧ ಮಾತ್ರೆಯನ್ನು ಹಿಡಿಯಬೇಕಾದರೆ ಕಿವಿ ಪದ್ಯದಲ್ಲಿ ಬೆಳೆದಿರಬೇಕು. ನನ್ನ ಅಪ್ಪ ಕಾವ್ಯ ಓದುತ್ತಿದ್ದರು; ನಾನು ಮಾತು ಕಲಿಯುವ ಮೊದಲೇ ಷಟ್ಪದಿಯ ನಡೆ ಕಲಿತವಳು. ಊರಿನ ಹಳಬರು ಕಟ್ಟಿದ ಒಂದು ಪದ್ಯವಿದೆ, ತಪಾಸಣೆಗೆ ಎಲ್ಲರೂ ಅದನ್ನೇ ಹೇಳುವುದು. ‘ಒಡೆಯ ನೀಡಿದ ಕಣ್ಣು ಬೆಳಗಲಿ, ನುಡಿವ ನಾಲಗೆ ಕೊರಳು ನಲಿಯಲಿ, ಬಡಿವ ಗುಂಡಿಗೆ ದಣಿವು ಕಾಣದೆ ಉಸಿರು ಹಗುರಾಗೆ, ಪಡೆದ ತುತ್ತನು ಹೊಟ್ಟೆ ಅರಗಿಸೆ, ನಡುವು ಬಾಗದೆ ನೀರು ನಿಲ್ಲದೆ, ನಡೆವ ಪಾದವ ನಿನ್ನ ಬಾಗಿಲ ತನಕ ನಡೆಸಯ್ಯಾ.’ ಆರು ಸಾಲು. ಬರಿಹೊಟ್ಟೆಯಲ್ಲಿ, ಬೆಳಿಗ್ಗೆ, ಒಬ್ಬರೇ ಕಟ್ಟೆಯ ಮೇಲೆ ನಿಂತು ಮೂರು ಸಲ ಹೇಳಬೇಕು. ಆಲಿಕೆಯವಳು ಅವರಿಗೆ ಬೆನ್ನು ಮಾಡಿ, ಬಂಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಕೂರಬೇಕು. ಮುಖ ನೋಡಿದರೆ ಕಿವಿ ದಾಕ್ಷಿಣ್ಯಕ್ಕೆ ಬೀಳುತ್ತದೆ ಎಂದು ಅಪ್ಪ ಹೇಳುತ್ತಿದ್ದರು.

ಬಂಡೆಯ ಬುಡದಲ್ಲಿರುವುದು ಹಿರಿಯರ ಆರೈಕೆಮನೆ. ಎದ್ದು ಕೂರಲು, ಮೀಯಲು, ಉಣ್ಣಲು ಇನ್ನೊಬ್ಬರ ಕೈ ಬೇಕಾದವರು ಅಲ್ಲಿರುತ್ತಾರೆ. ಜಗಲಿ ಬೀದಿಯ ಕಡೆಗೆ; ಬಂಡೆಗೆ ಕೇಳಿಸಬೇಕಾದರೆ ಹಿತ್ತಲ ಗೇಟು ದಾಟಿ ಕಟ್ಟೆಗೇ ಹೋಗಬೇಕು. ವರ್ಷಕ್ಕೊಮ್ಮೆ, ದಿನಕ್ಕೆ ಏಳು ಜನರಂತೆ ಆರು ಬೆಳಗು ನಾನು ಅವರನ್ನು ಕೇಳುತ್ತಿದ್ದೆ. ಕೆಲವರನ್ನು ಕುರ್ಚಿಯಲ್ಲಿ ಎತ್ತಿ ತರಬೇಕು, ಕೆಲವರು ಪದ್ಯದ ನಡುವೆ ಮರೆತು ಮದುವೆ ಹಾಡು ಶುರುಮಾಡುತ್ತಾರೆ, ಕೆಲವರು ಹೆಸರು ಕೇಳಿದರೆ ಅಳುತ್ತಾರೆ. ಆರು ಬೆಳಗು ಸಾಲದೆ ಎಂಟಾದದ್ದೂ ಉಂಟು. ಆಗಲಿ, ಅದರಿಂದ ಯಾರ ಗಂಟು ಹೋಗುತ್ತಿತ್ತು?

ಪುಟ್ಟರಂಗಪ್ಪನವರು ಮ್ಯಾನೇಜರಾಗಿ ಬಂದದ್ದು ಎರಡು ವರ್ಷದ ಹಿಂದೆ. ಅವರು ಎನ್ನಲು ಬಾಯಿ ಬರುವುದಿಲ್ಲ. ಆದರೆ ಅಪ್ಪ ತಿದ್ದಿದ ನಾಲಗೆ, ಬೇರೆ ಥರ ಹೊರಳುವುದಿಲ್ಲ. ಬಹಳ ಮೆದು ಮಾತಿನ ಮನುಷ್ಯ. ಎಲ್ಲರನ್ನೂ ‘ಅಮ್ಮಾ’ ‘ತಂದೆ’ ಎಂದೇ ಕರೆಯುವುದು. ಬಂದ ತಿಂಗಳಲ್ಲೇ ಹಿತ್ತಲ ಗೇಟಿಗೆ ಬೀಗ ಹಾಕಿಸಿದರು, ಹಿರಿಯರು ಜಾರಿ ಬೀಳಬಾರದೆಂದು. ಬಂಡೆ ಯಾರದಾದರೂ ಪದ ನುಂಗಿದ್ದರೆ ಅವರನ್ನು ಒಳಕೋಣೆಗೆ ಹಾಕಿಸಿದರು, ವಿಶ್ರಾಂತಿ ಬೇಕೆಂದು. ಒಳಕೋಣೆಗೆ ಕಿಟಕಿಯಿಲ್ಲ. ಅಲ್ಲಿಗೆ ಹೋದವರು ಸಂಜೆಯ ಜಗಲಿಗೆ ಬರುವಂತಿಲ್ಲ, ಊಟ ಮಂಚಕ್ಕೇ. ವಾಸಿಯಾದ ಮೇಲೆ ಹೊರಗೆ ಎಂದು ನಿಯಮ. ಎಪ್ಪತ್ತೆಂಟು ವರ್ಷದ ಮೊಣಕಾಲು ಯಾವತ್ತು ವಾಸಿಯಾಗುತ್ತದೆ?

ಹೋದ ವರ್ಷ ತಪಾಸಣೆಯ ಕಾಲಕ್ಕೆ ನನ್ನನ್ನು ಕಚೇರಿಗೆ ಕರೆಸಿ ಕಾಫಿ ಕೊಟ್ಟರು.

“ಶೇಷಮ್ಮನೋರೆ, ಒಬ್ಬೊಬ್ಬರನ್ನೇ ನಿಲ್ಲಿಸಿ ಕೂಗ್ಸೋದು ಎಷ್ಟು ಹಿಂಸೆ ನೋಡಿ. ಈ ಸಲ ಎಲ್ಲರೂ ಒಟ್ಟಿಗೆ ಹೇಳ್ಲಿ. ಪ್ರಾರ್ಥನೆ ಇದ್ದಂಗಿರ್ತದೆ. ನೀವು ದೈವಭಕ್ತರು, ನಿಮಗೆ ಬಿಡಿಸಿ ಹೇಳಬೇಕಾ?”

ಅಲ್ಲಿ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ಪ್ರಾರ್ಥನೆ ಎಂಬ ಮಾತಿಗೆ ಸೋತೆ. ಮರುದಿನ ನಲವತ್ತೆರಡು ಜನರನ್ನು ಕಟ್ಟೆಯ ಸುತ್ತ ನಿಲ್ಲಿಸಿದರು, ಕೂರಿಸಿದರು. ಅವರಲ್ಲೊಬ್ಬರು, ಒಂದು ಕಾಲಕ್ಕೆ ಡ್ರಿಲ್ ಮೇಷ್ಟ್ರಾಗಿದ್ದ ಇಗ್ನೇಷಿಯಸ್ ಮೇಷ್ಟ್ರು, ಕೊರಳಿನ ಸೀಟಿ ಊದಿ ‘ಒನ್, ಟೂ, ಥ್ರೀ’ ಎಂದರು. ನಲವತ್ತೆರಡು ಮುದಿ ಕೊರಳು ಒಟ್ಟಿಗೆ ಪದ್ಯ ಎತ್ತಿಕೊಂಡವು. ಬಂಡೆ ಅದನ್ನು ಪೂರ್ತಿ, ಒಂದು ಮಾತ್ರೆಯೂ ಕೊರತೆಯಿಲ್ಲದೆ, ತುಂಬಿದ ಕೊಡದ ಹಾಗೆ ಹಿಂದಕ್ಕೆ ಕೊಟ್ಟಿತು. ಅಪ್ಪ ತೀರಿಕೊಂಡ ಮೇಲೆ ಅಂಥ ಓದು ನಾನು ಕೇಳಿರಲಿಲ್ಲ. ಕಣ್ಣಿನಲ್ಲಿ ನೀರು ಬಂತು. ಇದು ದೇವರ ಕೃಪೆ, ಇಷ್ಟು ಜನಕ್ಕೂ ಅವನು ಕಾಯ ಗಟ್ಟಿ ಮಾಡಿಕೊಟ್ಟಿದ್ದಾನೆ ಎಂದುಕೊಂಡೆ. ಒಬ್ಬರ ನುಂಗಿಹೋದ ಪದವನ್ನು ಪಕ್ಕದವರ ಪದ ಮುಚ್ಚುತ್ತದೆ ಎಂಬುದು ಚಿಕ್ಕ ಮಗುವಿಗೂ ಹೊಳೆಯಬೇಕು. ಅರ್ಧ ಮಾತ್ರೆ ಹಿಡಿಯುವವಳು ನಾನು, ಭಕ್ತಿಯ ಸುಖದಲ್ಲಿ ಇಡೀ ಮನುಷ್ಯರನ್ನು ತಪ್ಪಿಸಿಕೊಂಡೆ. ಕಣ್ಣೊರೆಸಿಕೊಂಡು ಸಹಿ ಹಾಕಿದೆ. ಆರು ಬೆಳಗಿನ ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು. ‘ನೂರಕ್ಕೆ ನೂರು ಆರೋಗ್ಯ’ ಎಂದು ಬಾಗಿಲಿಗೆ ಬೋರ್ಡು ಬಂತು. ಮೇಲಿನ ಕಚೇರಿಯಿಂದ ಪುಟ್ಟರಂಗಪ್ಪನವರಿಗೆ ಶಾಲು ಬಂತು.

ಆ ಪದ್ಯದಲ್ಲಿ ಕಣ್ಣಿದೆ, ನಾಲಗೆಯಿದೆ, ಗುಂಡಿಗೆಯಿದೆ. ಕಿವಿಯಿಲ್ಲ. ಕಟ್ಟಿದವರು ಏಕೆ ಬಿಟ್ಟರೋ. ನನ್ನ ಕಿವಿ ಕೆಟ್ಟಿತ್ತು ಎಂದು ಬಂಡೆ ನನಗೆ ಹೇಳಲಿಲ್ಲ.

ಗುರುವಯ್ಯನವರ ಹನ್ನೊಂದನೆಯ ದಿನ ಇಗ್ನೇಷಿಯಸ್ ಮೇಷ್ಟ್ರು ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತರು. ಸೀಟಿಯ ದಾರ ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಗುರುವಯ್ಯಂಗೆ ಗೊತ್ತಿತ್ತು ಶೇಷಮ್ಮ. ಗೇಟಿಗೆ ಬೀಗ ಬೀಳೋ ಮುಂಚೆ ಒಂದಿನ ಬೆಳಿಗ್ಗೆ ಒಬ್ನೇ ಹೋಗಿ ಹೇಳ್ಕೊಂಡು ಬಂದಿದ್ದ. ಗುಂಡಿಗೆ ಅನ್ನೋದು ಅರ್ಧಕ್ಕರ್ಧ ಬರಲಿಲ್ವಂತೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಒಳಕೋಣೆ ಅಲ್ವಾ? ಅವನು ಗಿರಣಿ ಗದ್ದಲದಲ್ಲಿ ಬದುಕಿದವನು, ಆ ಕತ್ತಲೇಲಿ ಒಬ್ನೇ ಹೆಂಗೆ ಮಲಗ್ತಾನೆ? ‘ಮೇಷ್ಟ್ರೇ, ನನ್ನ ಮೂರ್ನೇ ಸಾಲು ನೀವು ಸ್ವಲ್ಪ ಜೋರಾಗಿ ಹೇಳಿ’ ಅಂದ. ನಾನು ಹೇಳ್ದೆ. ನಾವೆಲ್ಲ ಹಂಗೇ ಹೇಳಿದ್ದು. ಅವನ ಮೂರನೇದು ನಾನು, ನನ್ನ ಐದನೇದು ಚೌಡಮ್ಮ, ಅವಳ ಕಣ್ಣಿಂದು ಇನ್ಯಾರೋ. ಒಬ್ರಿಗೊಬ್ರು ಆದ್ವಿ ಅಂತ ಖುಷಿಯಾಗಿತ್ತು ನನಗೆ.” ಎಂಬತ್ತರ ಆ ಮನುಷ್ಯ ಮಗುವಿನ ಹಾಗೆ ಮೂಗು ಒರೆಸಿಕೊಂಡರು. “ಆಸ್ಪತ್ರೆಗೆ ಹೋಗಿದ್ರೆ ಇರ್ತಿದ್ನಾ?”

“ಇರ್ತಿದ್ರೇನೋ” ಎಂದೆ. ಸಮಾಧಾನ ಹೇಳಬೇಕೆನ್ನಿಸಲಿಲ್ಲ. ಅವರ ಮೇಲೂ ಸಿಟ್ಟು ಬಂದಿತ್ತು. ಪ್ರೀತಿಯಿಂದ ಕೊಂದವರ ಮೇಲೆ ಬರುವ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ಯಾವ ಕಾವ್ಯದಲ್ಲೂ ನಾನು ಕೇಳಿಲ್ಲ.

ಈ ವರ್ಷ ಮತ್ತೆ ತಪಾಸಣೆ ಬಂತು. ಈ ಸಲ ಮೇಲಿನ ಕಚೇರಿಯ ಅಧಿಕಾರಿ ಮೇಡಂ ಸ್ವತಃ ಬಂದು ನೋಡುತ್ತಾರೆ, ಅದಕ್ಕೆ ಮೊದಲು ವಾರವಿಡೀ ಹಿರಿಯರಿಗೆ ಆರೋಗ್ಯ ಶಿಕ್ಷಣ ಎಂದು ಪುಟ್ಟರಂಗಪ್ಪನವರು ಸಾರಿದರು. ಮೊದಲ ದಿನ ಬಿಳಿ ಬೂಟು ಹಾಕಿಕೊಂಡ ಭಾಷಣದವರೊಬ್ಬರು ಮೈಕು ಹಿಡಿದು, ದಿನಕ್ಕೆ ಮೂರು ಕಿಲೋಮೀಟರ್ ನಡೆಯಬೇಕು, ಮೆಟ್ಟಿಲು ಹತ್ತಬೇಕು, ಚಿಂತೆ ಮಾಡಬಾರದು ಎಂದು ಮುಕ್ಕಾಲು ಗಂಟೆ ಹೇಳಿದರು. ಕೇಳುತ್ತಿದ್ದವರಲ್ಲಿ ಹದಿನೆಂಟು ಜನ ಗಾಲಿಕುರ್ಚಿಯವರು.

ಬಳೆ ಚೌಡಮ್ಮ ಕೈಯೆತ್ತಿದಳು. ಐವತ್ತು ವರ್ಷ ಬಳೆಯ ಪೆಟ್ಟಿಗೆ ಹೊತ್ತು ಊರಿನ ಓಣಿ ಓಣಿ ತಿರುಗಿದವಳು. ನನ್ನ ಮದುವೆಯ ಹಸಿರು ಬಳೆ ತೊಡಿಸಿದವಳೂ ಅವಳೇ. ನಾನು ಅವಳನ್ನು ಚೌಡಕ್ಕ ಎನ್ನುವುದು.

“ಸ್ವಾಮಿ, ಈ ನಿಂಗಮ್ಮನ್ನ ಎಬ್ಬಿಸಿ ಕೂರ್ಸೋಕೇ ಇಬ್ರು ಬೇಕು. ಮೂರು ಕಿಲೋಮೀಟರ್‌ಗೆ ಎಷ್ಟು ಜನ ಬೇಕಾಯ್ತದೆ, ಒಸಿ ಹೇಳ್ಬುಡಿ.”

ಎಲ್ಲರೂ ನಕ್ಕರು. ನಿಂಗಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಭಾಷಣದವರೂ ನಕ್ಕು, ‘ಹಾಸ್ಯವೇ ಔಷಧ’ ಎಂದು ಅದನ್ನೂ ಪಾಠಕ್ಕೆ ಸೇರಿಸಿಕೊಂಡರು.

ನನಗೆ ನಗು ಬರಲಿಲ್ಲ. ಚೌಡಕ್ಕ ಕಾಲು ಚಾಚಿ ಕೂತಿದ್ದಳು. ಎಡಗಾಲಿನ ಕಾಲ್ಚೀಲದಲ್ಲಿ ಹಳದಿ ಕಲೆ ಒಣಗಿ ಗಟ್ಟಿಯಾಗಿತ್ತು. ಹತ್ತಿರ ಹೋದರೆ ವಾಸನೆ.

“ಚೌಡಕ್ಕ, ಕಾಲಿಗೆ ಏನಾಗಿದೆ?”

“ಏನಾಗಿದೆ? ಏನೂ ಇಲ್ಲ. ನೋವಿಲ್ಲ, ಉರಿಯಿಲ್ಲ. ಮೊದ್ಲಾದ್ರೆ ರಾತ್ರಿಯೆಲ್ಲ ಚುಳುಚುಳು ಅಂತಿತ್ತು, ಈಗ ಒಂದು ವರ್ಷದಿಂದ ಅದೂ ನಿಂತೋಯ್ತು. ಬೆಂಡಿನ ಕಾಲು ಇದ್ದಂಗದೆ, ಹಾಯಾಗಿದೀನಿ.”

ಅವಳಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ನೋವು ನಿಂತದ್ದು ವಾಸಿಯಾಗಿ ಅಲ್ಲ, ನೋವು ತಿಳಿಸುವ ನರವೇ ಸತ್ತು ಎಂದು ನನ್ನಂಥವಳಿಗೂ ಗೊತ್ತು. ಅಲ್ಲಿ ಮೈಕು ಹಿಡಿದು ನಿಂತವರಿಗೆ ಗೊತ್ತಿರಲಿಲ್ಲವೇ? ಮುಕ್ಕಾಲು ಗಂಟೆಯಲ್ಲಿ ಒಂದು ಸಲ ‘ನಿಮ್ಮ ಪಾದ ನೋಡಿಕೊಳ್ಳಿ’ ಎಂದರೆ ಸಾಕಿತ್ತು.

“ಪದ್ಯ ಒಬ್ಬಳೇ ಹೇಳು ಅಕ್ಕ. ಗೇಟಿನ ಬೀಗದ ಕೈ ನಾನು ಇಸ್ಕೊಂಡು ಬರ್ತೀನಿ.”

“ಏ ಶೇಷಿ, ನಿನಗೇನು ಹುಚ್ಚಾ?” ಅವಳು ಧ್ವನಿ ತಗ್ಗಿಸಿದಳು. “ಎಲ್ಲರ ಜೊತೆ ಹೇಳ್ತೀನಿ, ಆರನೇ ಸಾಲು ಮೇಷ್ಟ್ರು ನೋಡ್ಕೋತಾರೆ. ನನ್ನನ್ನ ಆ ಕತ್ಲೆ ಕೋಣೆಗೆ ಹಾಕಿಸ್ಬೇಡ. ಬೀದಿ ನೋಡ್ದೆ ನಾನು ಬದುಕ್ತೀನಾ?”

ಬೀಗದ ಕೈ ಕೇಳಿದೆ. ಪುಟ್ಟರಂಗಪ್ಪನವರು ಕೊಡಲಿಲ್ಲ. “ಅಮ್ಮಾ, ತಪಾಸಣೆ ದಿನ ಎಲ್ಲರದೂ ಆಗ್ತದಲ್ಲ. ಅಷ್ಟರಲ್ಲಿ ಯಾಕೆ ಗಾಬರಿ ಮಾಡ್ತೀರಿ?” ಎಂದರು, ಮೆತ್ತಗೆ. ಆಸ್ಪತ್ರೆಗೆ ಕಳಿಸಿ ಎಂದೆ. ಆಲಿಕೆಯ ಚೀಟಿಯಿಲ್ಲದೆ ಕಳಿಸುವ ಪದ್ಧತಿಯಿಲ್ಲ ಎಂದರು. ಬಂಡೆಯ ಮುಂದೆ ಹೇಳಿಸದೆ ಚೀಟಿ ಬರೆಯುವಂತಿಲ್ಲ. ಹೇಳಿಸಲು ಗೇಟು ತೆರೆಯುವುದಿಲ್ಲ. ನಾನು ಅವರ ಮೇಜಿನ ಮೇಲಿದ್ದ ಶಾಲು ಹೊದ್ದ ಫೋಟೋ ನೋಡುತ್ತ ನಿಂತೆ. ಅದನ್ನೆತ್ತಿ ನೆಲಕ್ಕೆ ಅಪ್ಪಳಿಸುವ ಮನಸ್ಸಾಯಿತು. ಕೈ ಮುಗಿದು ಹೊರಗೆ ಬಂದೆ.

ಆ ವಾರ ನಾನು ಮಂಚದಿಂದ ಮಂಚಕ್ಕೆ ಹೋದೆ. ಮೈಕಿಲ್ಲ, ಬೂಟಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಇಬ್ಬಿಬ್ಬರನ್ನು ಕೂರಿಸಿ, ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳುವುದು ಹೇಗೆಂದು ಹೇಳಿಕೊಟ್ಟೆ. ಎರಡು ದಿಂಬು ಇಟ್ಟರೂ ಮಲಗಲಾಗದಿದ್ದರೆ ಹೇಳಿ ಎಂದೆ. ರಾತ್ರಿ ಎಷ್ಟು ಸಲ ಎದ್ದಿರಿ, ನೀರಡಿಕೆ ಎಷ್ಟು, ಎದ್ದ ತಕ್ಷಣ ತಲೆ ತಿರುಗುತ್ತದೆಯೇ, ಮಾತ್ರೆ ನುಂಗಿದಿರೋ ದಿಂಬಿನ ಕೆಳಗೆ ಇಟ್ಟಿರೋ. ಒಬ್ಬ ಅಜ್ಜ ದಿಂಬೆತ್ತಿ ತೋರಿಸಿದರು: ಇಪ್ಪತ್ತಮೂರು ಮಾತ್ರೆ. “ಬಣ್ಣ ಚೆನ್ನಾಗಿತ್ತು, ಮೊಮ್ಮಗಳಿಗೆ ಅಂತ ಇಟ್ಟಿದ್ದೆ” ಎಂದರು. ಬೈದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬ ಹಿರಿಯರನ್ನು ಬೈದೆ, ಅವರು ಖುಷಿಯಾದರು.

ಚೌಡಕ್ಕ ಮಾತ್ರ ಕಾಲು ಮಡಚಿಕೊಂಡು ಮುಖ ತಿರುಗಿಸುತ್ತಿದ್ದಳು. ಐದನೆಯ ದಿನ ಅವಳ ಟ್ರಂಕಿನಿಂದ ಹಳೆಯ ಕೈಗನ್ನಡಿ ತೆಗೆದೆ. ಬಳೆ ತೊಡಿಸಿದ ಮೇಲೆ ಹೆಣ್ಣುಮಕ್ಕಳಿಗೆ ಅವಳು ಹಿಡಿಯುತ್ತಿದ್ದ ಕನ್ನಡಿ, ಹಿತ್ತಾಳೆಯ ಹಿಡಿ.

“ಅಕ್ಕ, ಇದರಲ್ಲಿ ಊರಿನ ಅಷ್ಟೂ ಹೆಣ್ಣುಮಕ್ಕಳ ಕೈ ತೋರಿಸ್ದೆ. ಈಗ ನಿನ್ನ ಕಾಲು ನೀನೇ ನೋಡು. ನಾನು ಮಾತಾಡಲ್ಲ.”

ಕಾಲ್ಚೀಲ ಬಿಡಿಸಿದೆ. ಅಂಗಾಲಿನ ಕೆಳಗೆ ಕನ್ನಡಿ ಹಿಡಿದೆ. ಅವಳು ಬಗ್ಗಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. ಬೆರಳುಗಳ ಬುಡದಲ್ಲಿ ಮಗುವಿನ ಬಳೆಯಷ್ಟು ಅಗಲದ ಗಾಯ, ಅಂಚು ಬಿಳಿ, ನಡುವೆ ಕಪ್ಪು. ಕಿರುಬೆರಳು ಇದ್ದಲಿನ ಬಣ್ಣ.

“ಇದು ನಂದಾ?” ಎಂದಳು.

ನಾನು ಕನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದೆ.

“ಶೇಷಿ, ಇದು ನನ್ನ ಕಾಲಾ? ಇಷ್ಟು ದೊಡ್ಡದು ಆಗೋವರೆಗೂ ಯಾರೂ ನೋಡ್ಲಿಲ್ವಾ?” ಗಾಯದ ಪಕ್ಕ ಬೆರಳು ಒತ್ತಿದಳು. ಮತ್ತೆ ಒತ್ತಿದಳು, ಉಗುರಿನಿಂದ. “ಗೊತ್ತೇ ಆಗ್ತಿಲ್ಲ ಕಣೆ. ಯಾರದೋ ಕಾಲು ಒತ್ತಿದಂಗದೆ.” ಕನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹಿಡಿದು ನೋಡಿದಳು. ಆಮೇಲೆ ಅವಳ ಮುಖ ಕೆಂಪಾಯಿತು. ಅಳುತ್ತಾಳೆಂದುಕೊಂಡೆ. ಅವಳು ಹಲ್ಲು ಕಚ್ಚಿ ಹೇಳಿದಳು, “ಐವತ್ತು ವರ್ಷ ಹೊತ್ತು ತಿರುಗಿದ ಕಾಲು. ಅದನ್ನ ಕಾಲ್ಚೀಲ ಹಾಕಿ ಮುಚ್ಚಿದ್ರು. ನಾನೂ ಮುಚ್ಕೊಂಡೆ. ಮೇಷ್ಟ್ರನ್ನ ಕರಿ.”

ಮೇಷ್ಟ್ರು ಬಂದರು. ಚೌಡಕ್ಕ ಕನ್ನಡಿಯನ್ನು ಅವರ ಕಡೆಗೆ ತಿರುಗಿಸಿದಳು. ಅವರು ನೋಡಿದರು. ಕೊರಳಿನ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡರು.

ತಪಾಸಣೆಯ ದಿನ ಹಿತ್ತಲಲ್ಲಿ ಶಾಮಿಯಾನ ಹಾಕಿದ್ದರು. ಗೇಟು ತೆರೆದಿತ್ತು, ಅದಕ್ಕೆ ಮಾವಿನ ತೋರಣ. ಅಧಿಕಾರಿ ಮೇಡಂ ಎಳನೀರು ಕುಡಿಯುತ್ತ ಮುಂದಿನ ಸಾಲಿನಲ್ಲಿ ಕೂತಿದ್ದರು. ಹನ್ನೊಂದಕ್ಕೆ ಇನ್ನೊಂದು ಕಾರ್ಯಕ್ರಮವಿದೆ ಎಂದು ಎರಡು ಸಲ ಹೇಳಿಸಿದ್ದರು. ನನ್ನ ಮುಂದೆ ಪಟ್ಟಿ. ಹೆಸರುಗಳ ಮುಂದೆ ‘ಪೂರ್ಣ’ ಎಂದು ಮೊದಲೇ ಟೈಪಾಗಿತ್ತು. ಸಹಿಯ ಜಾಗ ಮಾತ್ರ ಖಾಲಿ.

“ಮೇಷ್ಟ್ರೇ, ಶುರು ಮಾಡಿ” ಎಂದರು ಪುಟ್ಟರಂಗಪ್ಪನವರು.

ಇಗ್ನೇಷಿಯಸ್ ಮೇಷ್ಟ್ರು ಕೋಲೂರಿ ಕಟ್ಟೆಯ ಮುಂದೆ ಬಂದರು. ಸೀಟಿ ಊದಿದರು. ‘ಒನ್’ ಎಂದರು. ‘ಟೂ’ ಎಂದರು. ಮೂರನೆಯದು ಹೇಳಲಿಲ್ಲ. ಶಾಲೆಯ ಮೈದಾನದಲ್ಲಿ ಮಕ್ಕಳ ಸಾಲು ನಿಲ್ಲಿಸುತ್ತಿದ್ದ ಹಾಗೆ ಅಂಗೈ ಮೇಲೆತ್ತಿ ಹಿಡಿದರು. ಎಲ್ಲ ಬಾಯಿಗಳೂ ಮುಚ್ಚಿಕೊಂಡವು. ಆ ಮೌನದಲ್ಲಿ ಚೌಡಕ್ಕ ಗಾಲಿಕುರ್ಚಿಯಿಂದ ಒಬ್ಬಳೇ ಪದ್ಯ ಎತ್ತಿದಳು. ಬಳೆ ಮಾರುವ ಕಂಠ, ಮೂರು ಓಣಿಯಾಚೆಗೆ ಕೇಳಿಸುವಂಥದು. ನಾನು ಅವಳಿಗೆ ಬೆನ್ನು ಮಾಡಿ ಬಂಡೆಯ ಕಡೆಗೆ ತಿರುಗಿ ಕಣ್ಣು ಮುಚ್ಚಿದೆ.

ಮೊದಲ ಸಾಲಿನ ಕಣ್ಣು ಅಂಚು ಸವೆದು ಬಂತು. ಕೊರಳು ಚೊಕ್ಕ ಚಿನ್ನ. ಗುಂಡಿಗೆ, ಉಸಿರು, ಹೊಟ್ಟೆ ಸರಿಯಾಗಿದ್ದವು. ಐದನೆಯ ಸಾಲಿನ ನೀರಿನಲ್ಲಿ ಸ್ವಲ್ಪ ಎಳೆತ. ಆರನೆಯ ಸಾಲನ್ನು ಅವಳು ಏರುದನಿಯಲ್ಲಿ ಬಿಟ್ಟಳು. ಬಂಡೆ ಹಿಂದಕ್ಕೆ ಹೇಳಿತು: ‘ನಡೆವ’, ಆಮೇಲೆ ಏನೂ ಇಲ್ಲ, ಆಮೇಲೆ ‘ನಿನ್ನ ಬಾಗಿಲ ತನಕ ನಡೆಸಯ್ಯಾ’.

ಆ ನಡುವಿನ ತೆರಪಿಗೆ ಆಲಿಕೆ ಬೇಕಿರಲಿಲ್ಲ. ಶಾಮಿಯಾನ ಕಟ್ಟುವವನಿಗೂ ಕೇಳಿಸಿತು. ಎಳನೀರಿನ ಕೊಳವೆ ಮೇಡಂ ಬಾಯಿಯಲ್ಲೇ ಉಳಿಯಿತು.

ಪುಟ್ಟರಂಗಪ್ಪನವರು ನಗುತ್ತ ಎದ್ದರು. “ಗಾಳಿ ಮೇಡಂ, ಇವತ್ತು ಗಾಳಿ ಜಾಸ್ತಿ. ಮಾತು ಹಾರಿಹೋಗ್ತದೆ. ಎಲ್ಲರೂ ಸೇರಿ ಇನ್ನೊಂದ್ಸಲ ಹೇಳಿದ್ರಾಯ್ತು. ಎಲ್ಲಿ, ಅಮ್ಮಾ, ತಂದೆ, ಎಲ್ಲರೂ...”

“ಹೌದು, ಬೇಗ ಮುಗಿಸಿ” ಎಂದರು ಮೇಡಂ, ಗಡಿಯಾರ ನೋಡಿ.

“ಸಾಕು!” ಎಂದು ಕೂಗಿದೆ.

ಅದು ನನ್ನದೇ ದನಿ ಎಂದು ತಿಳಿಯಲು ನನಗೇ ಒಂದು ಕ್ಷಣ ಹಿಡಿಯಿತು. ಐವತ್ತಾರು ವರ್ಷ ಬೇರೆಯವರನ್ನು ಕೇಳಿಸಿಕೊಂಡೇ ಬದುಕಿದ ಕೊರಳು. ‘ಸಾಕು’ ಎಂದು ಬಂಡೆ ತಿರುಗಿ ಹೇಳಿತು, ಪೂರ್ತಿಯಾಗಿ, ನನ್ನದಕ್ಕಿಂತ ಜೋರಾಗಿ.

“ಮೇಡಂ, ಎದ್ದೇಳಬೇಡಿ. ಹನ್ನೊಂದು ಗಂಟೆಯವರು ಕಾಯ್ತಾರೆ. ಹೋದ ವರ್ಷ ಇದೇ ಜಾಗದಲ್ಲಿ ನಾನು ಗುರುವಯ್ಯ ಅನ್ನೋರನ್ನ ಪೂರ್ಣ ಅಂತ ಬರೆದೆ. ಅವರ ಗುಂಡಿಗೆಯನ್ನ ನಲವತ್ತೊಂದು ಜನ ಸೇರಿ ಮುಚ್ಚಿಟ್ರು, ನಾನು ಸಹಿ ಹಾಕಿ ಸೀಲು ಮಾಡ್ದೆ. ಈ ಪಟ್ಟಿಗೆ ನನ್ನ ಸಹಿ ಇಲ್ಲ. ಇಲ್ಲಿರೋರು ಒಂದು ಕೊರಳಲ್ಲ, ನಲವತ್ತೊಂದು ಕೊರಳು. ಒಬ್ಬೊಬ್ಬರನ್ನೂ ಕೇಳಬೇಕು. ಎಷ್ಟು ದಿನ ಆಗ್ತದೋ ಆಗ್ಲಿ. ಚೌಡಮ್ಮನ ಚೀಟಿ ಈಗಲೇ ಬರೀತೀನಿ, ಇವತ್ತೇ ಆಸ್ಪತ್ರೆಗೆ ಹೋಗಬೇಕು, ನಿಮ್ಮ ಕಾರಿನಲ್ಲಿ.”

“ಶೇಷಮ್ಮನೋರೆ, ಇದೇನಿದು, ನಿಮ್ಮ ಬಾಯಲ್ಲಿ...” ಪುಟ್ಟರಂಗಪ್ಪನವರ ಮೆದು ದನಿ ಮೊದಲ ಸಲ ಸೀಳಿತು. “ಸಿಕ್ಕವರನ್ನೆಲ್ಲ ಹಾಕೋಕೆ ಒಳಕೋಣೇಲಿ ಜಾಗ ಎಲ್ಲಿದೆ?”

“ಮೊದ್ಲು ನನ್ನ ಮಂಚ ಹಾಕಿ” ಎಂದರು ಇಗ್ನೇಷಿಯಸ್ ಮೇಷ್ಟ್ರು. “ನನ್ನ ಐದನೇ ಸಾಲು ಹೋಗಿ ಎರಡು ವರ್ಷ ಆಯ್ತು. ಜಾಗ ಸಾಲದಿದ್ರೆ ಗೋಡೆ ಒಡೀರಿ. ಗೋಡೆ ಒಡೆದ್ರೆ ಕಿಟಕಿ ಆಗ್ತದೆ.”

“ನಂದೂ ಹಾಕಿ” ಎಂದಳು ನಿಂಗಮ್ಮ. “ಎತ್ತೋಕೆ ಇಬ್ರು ಬೇಕು, ಮೊದ್ಲೇ ಹೇಳಿದೀನಿ.” ನಗು ಬಂತು, ಅದರ ಹಿಂದೆಯೇ ‘ನಂದು’ ‘ನಂದು’ ಎಂದು ಎಲ್ಲ ಕಡೆಯಿಂದ. ಬಂಡೆಗೂ ಕೆಲಸ ಸಿಕ್ಕಿತು, ‘ನಂದು ನಂದು’ ಎಂದು ಅದೂ ಹೇಳುತ್ತ ಹೋಯಿತು. ಮೇಡಂ ತಮ್ಮ ಡ್ರೈವರನ್ನು ಕರೆದರು.

ಚೌಡಕ್ಕನ ಎರಡು ಬೆರಳು ಹೋದವು, ಪಾದ ಉಳಿಯಿತು. ಇನ್ನು ಹತ್ತು ದಿನ ತಡವಾಗಿದ್ದರೆ ಮೊಣಕಾಲಿನವರೆಗೆ ತೆಗೆಯಬೇಕಿತ್ತು ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರಂತೆ. ಒಂದು ವರ್ಷ ಮೊದಲೇ ಬಂದಿದ್ದರೆ ಬೆರಳೂ ಉಳಿಯುತ್ತಿತ್ತು ಎಂದೂ ಹೇಳಿದರಂತೆ. ಎರಡನ್ನೂ ನಾನು ಮರೆಯುವುದಿಲ್ಲ. ಉಳಿದ ನಲವತ್ತು ಜನರನ್ನು ಕೇಳಲು ಒಂಬತ್ತು ಬೆಳಗು ಹಿಡಿಯಿತು. ಹದಿಮೂರು ಚೀಟಿ ಬರೆದೆ. ಒಳಕೋಣೆಯ ಗೋಡೆಗೆ ಕಿಟಕಿ ಬಂತು, ಬಂಡೆಯ ಕಡೆಗೆ. ಪುಟ್ಟರಂಗಪ್ಪನವರು ಎಲ್ಲಿಗೂ ಹೋಗಲಿಲ್ಲ. ಒಬ್ಬೊಬ್ಬರನ್ನೇ ಕೇಳುವ ತಪಾಸಣೆ ತಮ್ಮದೇ ಯೋಜನೆ ಎಂದು ಈಗ ಸಭೆಗಳಲ್ಲಿ ಮಾತಾಡುತ್ತಾರೆ, ಎರಡನೆಯ ಶಾಲೂ ಬಂದಿದೆ. ದೇವರು ನೋಡಿಕೊಳ್ಳುತ್ತಾನೆ ಎಂದು ಊರಿನವರು ನನಗೆ ಸಮಾಧಾನ ಹೇಳುತ್ತಾರೆ. ದೇವರು ನೋಡಿಕೊಳ್ಳುವುದಕ್ಕೆ ಮೊದಲು ನಾನು ನೋಡಿಕೊಳ್ಳಬೇಕಿತ್ತು. ನನ್ನನ್ನು ಅಲ್ಲಿ ಕೂರಿಸಿದ್ದು ಅದಕ್ಕೇ.

ಬೆಳಿಗ್ಗೆ ತಿಂಡಿಗೆ ಮುಂಚೆ ಚೌಡಕ್ಕ ಕನ್ನಡಿ ಹಿಡಿದು ಗಾಲಿಕುರ್ಚಿಯಲ್ಲಿ ಮಂಚದಿಂದ ಮಂಚಕ್ಕೆ ಹೋಗುತ್ತಾಳೆ. “ಕೊಡ್ರವ್ವ, ಕಾಲು ಕೊಡ್ರಿ, ನಾಚ್ಕೋಬೇಡಿ” ಎಂದು, ಒಂದು ಕಾಲಕ್ಕೆ ಕೈ ಕೇಳುತ್ತಿದ್ದ ಅದೇ ರಾಗದಲ್ಲಿ. ಬೆರಳ ಸಂದು, ಹಿಮ್ಮಡಿ, ಉಗುರಿನ ಬುಡ, ಒಂದನ್ನೂ ಬಿಡುವುದಿಲ್ಲ. ಕಾಲ್ಚೀಲ ಹಾಕಿಕೊಂಡು ಮಲಗಿದವರಿಗೆ ಅವಳ ಬಾಯಿಂದ ಬರುವ ಬೈಗುಳ ಬರೆಯುವಂಥದಲ್ಲ.

ಗೇಟಿಗೆ ಈಗ ಬೀಗವಿಲ್ಲ. ಆ ಹೊತ್ತಿಗೆ ನಾನು ಕಟ್ಟೆಗೆ ಹೋಗುತ್ತೇನೆ, ಯಾರೂ ಬರುವ ಮೊದಲು. ಗುರುವಯ್ಯನವರ ಹೆಸರು ಹೇಳಿ ಅವರ ಮೂರನೆಯ ಸಾಲನ್ನು ಬಂಡೆಗೆ ಹೇಳುತ್ತೇನೆ. ‘ಬಡಿವ ಗುಂಡಿಗೆ ದಣಿವು ಕಾಣದೆ ಉಸಿರು ಹಗುರಾಗೆ.’ ಒಂದು ದಿನವಾದರೂ ಅದು ಆ ಪದವನ್ನು ನುಂಗಲಿ, ನನ್ನ ಮುಖಕ್ಕೆ ಹೊಡೆದ ಹಾಗೆ ಸುಮ್ಮನಾಗಲಿ ಎಂದು ಕಾಯುತ್ತೇನೆ. ನುಂಗುವುದಿಲ್ಲ. ನನ್ನ ಗುಂಡಿಗೆ ಗಟ್ಟಿಯಾಗಿದೆ. ಅವರ ಸಾಲನ್ನು ನಾನು ಹೇಳಿದರೆ ಅದು ಪೂರ್ಣವಾಗಿಯೇ ಬರುತ್ತದೆ, ಹೋದ ವರ್ಷ ಬಂದ ಹಾಗೆಯೇ.